ಅಧ್ಯಾಪಕಪೀಠದಿಂದ ಮಂತ್ರಿಪದವಿಗೆ: ಡಾ|| ವಿ. ಕೆ. ಆರ್. ವಿ. ರಾಯರು

ವಿಜಯನಗರದ ಆದಿರಾಜರ ಆಸ್ಥಾನದಲ್ಲಿ ವೇದಾರ್ಥವಿವರಣೆಯನ್ನೂ ರಾಜ್ಯಭಾರವನ್ನೂ ಜತೆಜತೆಯಾಗಿ ನಿರ್ವಹಿಸಿದ ಸಾಯಣಾಚಾರ್ಯನ ಹೆಸರು ವಾಚಕರಿಗೆ ಹೊಸದಲ್ಲ. ಆತನ ಅಣ್ಣನಾದ ಮಾಧವಾಚಾರ್ಯನೂ ಅದೇ ಕಾಲದ ಮಾಧವಮಂತ್ರಿಯೂ ಒಬ್ಬನೇ ಎಂದು ಬಹುಕಾಲ ಭ್ರಮಿಸಲಾಗಿತ್ತು. ಅವರು ಭಿನ್ನವ್ಯಕ್ತಿಗಳೆಂಬುದನ್ನು ಶಾಸನಪಂಡಿತರು ವಿವೇಚಿಸಿ ತೋರಿಸಿರುವರು. ಸಾಯಣನ ವಿಷಯದಲ್ಲಾದರೋ ಇಂತಹ ಸಂದೇಹಕ್ಕೆ ಎಡೆಯಿಲ್ಲ. ಬುಕ್ಕರಾಯನ ಮಂತ್ರಿಯಾಗಿದ್ದವನೇ ಋಗ್ವೇದಭಾಷ್ಯದ ಕರ್ತೃವೆಂಬುದು ನಿರ್ವಿವಾದ. ಶಾಸ್ತ್ರವನ್ನು ಬಲ್ಲವನು ಮುದ್ರಾಧಿಕಾರವನ್ನು ಕೈಗೊಂಡರೆ ರಾಜ್ಯಕ್ಕೆ ಎಷ್ಟು ಲಾಭ, ಶಾಸ್ತ್ರಕ್ಕೆ ಎಷ್ಟು ನಷ್ಟ ಎಂಬ ಪ್ರಶ್ನೆಯು ಅಂದೇ ಹುಟ್ಟಿರಬೇಕು. ಸಾಯಣನ ಭಾಷ್ಯಗಳು ಇಂದಿಗೂ ಪಾಠದಲ್ಲಿವೆ. ಆತನ ಆಡಳಿತದ ಕಡತಗಳು ಎಲ್ಲಿವೆಯೋ ಯಾರೂ ಅರಿಯರು.

ಆರು ಶತಮಾನಗಳು ಕಳೆದ ಮೇಲೆ, ಹಂಪೆಯನ್ನು ಆಗ ತನ್ನ ಎಲ್ಲೆಯೊಳಗೆ ಇಟ್ಟುಕೊಂಡಿದ್ದ ಬಳ್ಳಾರಿಯ ಸೀಮೆಯು, ೧೯೬೭ರ ಮಹಾಚುನಾವಣೆಯಲ್ಲಿ ಮತ್ತೊಬ್ಬ ವಿದ್ವಾಂಸರನ್ನು ಲೋಕಸಭೆಗೆ ಆರಿಸಿ ಕಳುಹಿಸಿತು. ಅವರು ಬಳ್ಳಾರಿಯವರಲ್ಲ, ಕೃಷಿಕರೂ ವಕೀಲರೂ ಅಲ್ಲ, ಆಯುಷ್ಯದ ಬಹುಭಾಗವನ್ನು ಪಾಠ ಹೇಳುವುದರಲ್ಲಿಯೂ ಲೆಕ್ಕ ಹಾಕುವುದರಲ್ಲಿಯೂ ಕಳೆದವರು. ಅವರೇ ಅರ್ಥಶಾಸ್ತ್ರಜ್ಞರಾದ ಡಾಕ್ಟರ್ ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾಯರು.

ರಾಯರು ೧೯೦೮ನೆಯ ಇಸವಿ ಜುಲೈ ೮ರಂದು ಕಾಂಚೀಪುರದಲ್ಲಿ ಜನಿಸಿದರು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಓದಿ ಅಲ್ಲಿನ ವಿಶ್ವವಿದ್ಯಾನಿಲಯದ ಎಂ. ಎ. ಪದವಿಯನ್ನು ಪಡೆದರು. ಇಪ್ಪತ್ತಮೂರು ವರ್ಷದ ಪ್ರಾಯದಲ್ಲಿ, ಅಂದರೆ ೧೯೩೧ರಲ್ಲಿ, ಹಿಂದೂದೇಶದ ವರಮಾನ ತೆರಿಗೆಯನ್ನು ಕುರಿತ ಅವರ ಗ್ರಂಥವು ಪ್ರಕಟವಾಯಿತು. ಗ್ರಂಥಕರ್ತರಾದ ಮೇಲೆ ಇನ್ನು ಓದುವುದೇನಿದೆಯೆಂದು ಸುಮ್ಮನಾಗುವ ಸ್ವಭಾವ ಅವರದಾಗಿರಲಿಲ್ಲ. ಕೇಂಬ್ರಿಜ್ ನಗರಕ್ಕೆ ತೆರಳಿ, ಗಾನ್‌ವಿಲ್ ಮತ್ತು ಕೀಸ್ ಕಾಲೇಜನ್ನು ಸೇರಿ, ಎಂ. ಎ. ಆಗಿದ್ದವರು ಅಲ್ಲಿ ಪುನಃ ಬಿ. ಎ. ಪರೀಕ್ಷೆಗೆ ಕುಳಿತರು. ಕಾಶಿಯಲ್ಲಿ ತರ್ಕ ಮುಗಿಸಿ ಬಂದ ಪಂಡಿತನು ಮತ್ತೊಂದು ಗುರುಕುಲದಲ್ಲಿ ತರ್ಕಸಂಗ್ರಹದಿಂದಲೇ ಮೊದಲು ಮಾಡಿದಂತೆ ಇದು. ಜಾನ್ ಮೇನಾರ್ಡ್ ಕೇನ್ಸರು ಅಲ್ಲಿ ಹಳೆಯ ಅರ್ಥಶಾಸ್ತ್ರದ ತಳಹದಿಯನ್ನೇ ಅಲುಗಿಸುತ್ತಿದ್ದ ಕಾಲವದು. ರಾಷ್ಟ್ರವರಮಾನದ ಗಣನೆಯಲ್ಲಿ ಅಗ್ರಗಣ್ಯರಾದ ಕಾಲಿನ್ ಕ್ಲಾರ್ಕರೂ ಆಗ ಅಲ್ಲಿಯೇ ಅಧ್ಯಾಪಕರಾಗಿದ್ದರು. ರಾಯರು ಕೇನ್ಸರ ಶಿಷ್ಯರಾದರು. ಆದರೆ ತಮ್ಮ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಮಾತ್ರ ಕೇವಲ ಸ್ವದೇಶದ್ದು: ಬ್ರಿಟಿಷ್ ಇಂಡಿಯದ ಪ್ರಜೆಯೊಬ್ಬನ ವರ್ಷದ ಆದಾಯವೆಷ್ಟು?

ಈ ಪ್ರಶ್ನೆಯ ಹಿಂದೆ ಅರವತ್ತು ವರ್ಷಗಳ ಜಗಳವಿತ್ತು. ದಾದಾಭಾಯಿ ನವರೋಜಿಯವರು ೧೮೭೦ರ ದಶಕದಲ್ಲಿ ತಲೆಗೆ ೨೦ ರೂಪಾಯಿಯೆಂದು ಲೆಕ್ಕ ತೆಗೆದು, ಈ ಬಡತನಕ್ಕೆ ಕಾರಣವೇನೆಂದು ಆಳರಸರನ್ನು ಕೇಳಿದ್ದರು. ೧೯೦೧ರಲ್ಲಿ ಲಾರ್ಡ್ ಕರ್ಜನ್ನರು ೩೦ ರೂಪಾಯಿಯೆಂದು ಸಾರಿ, ದೇಶವು ಅಭಿವೃದ್ಧಿಯ ಪಥದಲ್ಲಿದೆಯೆಂದು ವಾದಿಸಿದರು. ಇವನ್ನು ನಂಬುವವರು ಅವನ್ನು ನಂಬರು. ಅವನ್ನು ನಂಬುವವರು ಇವನ್ನು ನಂಬರು. ಅಂಕೆಯು ಆಯುಧವಾಗಿತ್ತೇ ಹೊರತು ಪ್ರಮಾಣವಾಗಿರಲಿಲ್ಲ. ಪ್ರಮಾಣವಿಲ್ಲದೆ ಪ್ರಮೇಯ ಸಿದ್ಧಿಸದೆಂಬ ನ್ಯಾಯವು ಅರ್ಥಶಾಸ್ತ್ರಕ್ಕೂ ಅನ್ವಯಿಸುವುದಷ್ಟೆ.

ರಾಯರ ಮುಂದಿದ್ದ ತೊಡಕು ಇಂತಹುದು. ಇಂಗ್ಲೆಂಡಿನಲ್ಲಿ ಜನರ ಆದಾಯವನ್ನು ತೆರಿಗೆಯ ದಫ್ತರಗಳಿಂದ ಬಹುಮಟ್ಟಿಗೆ ತಿಳಿಯಬಹುದು. ಇಲ್ಲಿಯಾದರೋ ಆದಾಯತೆರಿಗೆಯನ್ನು ಸಲ್ಲಿಸುವವರು ಬೆರಳೆಣಿಕೆಯಷ್ಟು ಮಂದಿ; ಮಿಕ್ಕ ಕೋಟ್ಯಂತರ ಜನರು ಬೆಳೆದುದನ್ನು ತಾವೇ ಉಣ್ಣುವವರು. ಅವರ ವರಮಾನವು ಹಣದ ರೂಪವನ್ನೇ ತಾಳುವುದಿಲ್ಲ. ಆದಕಾರಣ ರಾಯರು ಎರಡು ದಾರಿಗಳನ್ನು ಒಂದುಗೂಡಿಸಿದರು. ಬೇಸಾಯ, ಪಶುಪಾಲನೆ, ಗಣಿ ಮುಂತಾದವುಗಳಲ್ಲಿ ಹುಟ್ಟಿದ ವಸ್ತುಗಳನ್ನು ಎಣಿಸಿ ಬೆಲೆ ಕಟ್ಟಿದರು. ಕೈಗಾರಿಕೆ, ವ್ಯಾಪಾರ, ನೌಕರಿಗಳಲ್ಲಿ ಜನರ ಗಳಿಕೆಯನ್ನು ಎಣಿಸಿದರು. ಮೊದಲನೆಯ ದಾರಿಯ ಕೊನೆಯಲ್ಲಿ ನಿಂತಿದ್ದವನು ಹಳ್ಳಿಯ ಕರಣಿಕ. ಹೊಲದ ಬದುವಿನ ಮೇಲೆ ನಿಂತು ಈ ವರ್ಷದ ಬೆಳೆ ಎಷ್ಟು ಆಣೆಯೆಂದು ಆತನು ಕಣ್ಣಳತೆಯಿಂದ ಬರೆದುದೇ ತಾಲ್ಲೂಕಿಗೂ ಜಿಲ್ಲೆಗೂ ಏರಿ, ಕೊನೆಗೆ ಸರಕಾರದ ಅಂಕೆಯಾಗುತ್ತಿತ್ತು. ಅದನ್ನು ಹಾಗೆಯೇ ನಂಬುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಒಂದೊಂದು ಅಂಕೆಯನ್ನೂ ತಿಕ್ಕಿ ನೋಡಿ, ಎಷ್ಟರ ಮಟ್ಟಿಗೆ ಅದು ತಪ್ಪಾಗಿರಬಹುದೆಂಬುದನ್ನೂ ಹೇಳುವುದು ಈ ಪ್ರಬಂಧದ ಶ್ರಮವಾಗಿತ್ತು.

೧೯೩೧–೩೨ನೆಯ ವರ್ಷಕ್ಕೆ ಅವರು ಕಂಡುಕೊಂಡ ಮೊತ್ತ ೧,೬೮೯ ಕೋಟಿ ರೂಪಾಯಿ; ತಲೆಗೆ ೬೨ ರೂಪಾಯಿ. ದಿನಕ್ಕೆ ಹಂಚಿದರೆ ಮೂರಾಣೆಗೂ ಕಡಿಮೆ. ಊಟ, ಬಟ್ಟೆ, ಮನೆ, ಮದ್ದು, ಮದುವೆ, ಕಂದಾಯ ಎಲ್ಲವೂ ಈ ಮೂರಾಣೆಯೊಳಗೆ ಸಾಗಬೇಕು. ಜಗತ್ತಿನಲ್ಲೆಲ್ಲ ಬೆಲೆಗಳು ಕುಸಿದಿದ್ದ ಮುಗ್ಗಟ್ಟಿನ ವರ್ಷವದು ಎಂಬುದನ್ನು ಮರೆತು ಈ ಅಂಕೆಯನ್ನು ಮುಂದಿನ ಹಿಂದಿನ ಅಂಕೆಗಳೊಡನೆ ತೂಗುವುದು ತಪ್ಪಾದೀತು. ಈ ಪ್ರಬಂಧಕ್ಕೆ ೧೯೩೭ರಲ್ಲಿ ಕೇಂಬ್ರಿಜ್ಜಿನ ಡಾಕ್ಟರ್ ಪದವಿಯು ದೊರೆಯಿತು. ೧೯೪೦ರಲ್ಲಿ ಅದು ಗ್ರಂಥರೂಪವಾಗಿ ಹೊರಬಿದ್ದಿತು.

ಇಲ್ಲಿ ಕನ್ನಡ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಆ ಗಣನೆಯು ಬ್ರಿಟಿಷ್ ಇಂಡಿಯಕ್ಕೆ ಮಾತ್ರ ಸೇರಿದ್ದು. ಮೈಸೂರಿನ ರಾಗಿಯಾಗಲಿ ಹೈದರಾಬಾದಿಗೆ ಸೇರಿದ್ದ ರಾಯಚೂರಿನ ಹತ್ತಿಯಾಗಲಿ ಅದರೊಳಗೆ ಬರಲಿಲ್ಲ. ಮುಂಬಯಿ ಆಧಿಪತ್ಯದ ಧಾರವಾಡ, ಬೆಳಗಾವಿ, ಬಿಜಾಪುರಗಳೂ, ಕೊಡಗೂ, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿಗಳೂ ಬಂದವು. ೧೮೭೬–೭೮ರ ಮಹಾಕ್ಷಾಮದಲ್ಲಿ ಬೆಂದು ಬಸವಳಿದಿದ್ದ ಬಳ್ಳಾರಿ ಜಿಲ್ಲೆಯ ಜೋಳವು, ಆ ೧,೬೮೯ ಕೋಟಿಯೊಳಗಿನ ಒಂದು ಕಾಳಾಗಿ, ಕೇಂಬ್ರಿಜ್ಜಿನ ವಿದ್ಯಾರ್ಥಿಯ ಕೈಯಲ್ಲಿ ಎಣಿಕೆಗೆ ಬಂದಿತ್ತು. ಆ ಹೊಲಗಳ ಒಡೆಯರ ಮನೆಬಾಗಿಲಿಗೆ ಅದೇ ವಿದ್ಯಾರ್ಥಿಯು ಮುಂದೆ ಮತಯಾಚನೆಗಾಗಿ ಬರುವನೆಂದು ಯಾರು ತಾನೆ ಊಹಿಸಬಲ್ಲವರಾಗಿದ್ದರು?

ಸ್ವದೇಶಕ್ಕೆ ಮರಳಿದ ರಾಯರು ಅಹಮದಾಬಾದಿನ ಎಲ್. ಡಿ. ಆರ್ಟ್ಸ್ ಕಾಲೇಜಿನ ಪ್ರಿನ್ಸಿಪಾಲರಾಗಿ ಐದು ವರ್ಷವಿದ್ದು, ೧೯೪೨ರಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರಾದರು. ಯುದ್ಧಕಾಲವಾದುದರಿಂದ ಸರಕಾರವು ಅಂಕೆ ಬಲ್ಲವರನ್ನು ಹುಡುಕುತ್ತಿತ್ತು. ೧೯೪೪–೪೫ರಲ್ಲಿ ಅಂಕಿ ಅಂಶಗಳ ನಿರ್ದೇಶಕರಾಗಿಯೂ, ೧೯೪೫–೪೬ರಲ್ಲಿ ವಾಷಿಂಗ್‌ಟನ್ ನಗರದಲ್ಲಿ ಹಿಂದೂದೇಶದ ಸರಕಾರದ ಆಹಾರ ಮತ್ತು ಆರ್ಥಿಕ ಸಲಹೆಗಾರರಾಗಿಯೂ ಅವರು ಕೆಲಸ ಮಾಡಿದರು. ಅಧಿಕಾರದ ಮನೆಯ ಹೊಸ್ತಿಲನ್ನು ಅವರು ತುಳಿದದ್ದು ಹೀಗೆ, ಲೇಖನಿ ಹಿಡಿದು.

ವಿಶ್ವಸಂಸ್ಥೆಯ ಆರ್ಥಿಕಾಭಿವೃದ್ಧಿಯ ಉಪಸಮಿತಿಗೆ ಅವರು ೧೯೪೭ರಿಂದ ೧೯೫೦ರವರೆಗೆ ಅಧ್ಯಕ್ಷರಾಗಿದ್ದುದು ಇದರ ಮುಂದಿನ ಮಜಲು. ಬಡರಾಷ್ಟ್ರಗಳಿಗೆ ಸಾಹುಕಾರಿಯ ಬಡ್ಡಿಯಿಲ್ಲದೆ, ಸುಲಭವಾದ ಕರಾರಿನ ಮೇಲೆ ಸಾಲ ಕೊಡುವ ಸಂಸ್ಥೆಯೊಂದು ವಿಶ್ವಸಂಸ್ಥೆಯ ಆಶ್ರಯದಲ್ಲಿಯೇ ಏರ್ಪಡಬೇಕೆಂದು ೧೯೪೯ರಲ್ಲಿ ಅವರು ಸೂಚಿಸಿದರು. ಹಣವುಳ್ಳ ರಾಷ್ಟ್ರಗಳು ಸಮ್ಮತಿಸಲಿಲ್ಲ. ಹಣ ಕೊಡುವವರು ತಾವು, ಮತದ ಲೆಕ್ಕದಲ್ಲಿ ಮಾತ್ರ ಎಲ್ಲರೂ ಸಮಾನರು ಎಂಬುದು ಅವರಿಗೆ ರುಚಿಸುವುದಾದರೂ ಹೇಗೆ? ಸೂಚನೆಯು ಹೆಸರು ಬದಲಿಸುತ್ತ, ರೂಪ ಬದಲಿಸುತ್ತ ಹತ್ತು ವರ್ಷ ಅಲೆಯಿತು. ಕೊನೆಗೆ ೧೯೬೦ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಸ್ಥಾಪಿತವಾದಾಗ ಸುಲಭಸಾಲದ ತತ್ತ್ವವು ಉಳಿಯಿತು. ಕೀಲಿಕೈ ಮಾತ್ರ ವಿಶ್ವಸಂಸ್ಥೆಗೆ ಬಾರದೆ ವಿಶ್ವಬ್ಯಾಂಕಿನ ಸೊಂಟದಲ್ಲಿ ಉಳಿಯಿತು. ಭಾರತವು ಆ ಸಂಘದಿಂದ ಬಹುಕಾಲ ಬಹುವಾಗಿ ಸಾಲ ಪಡೆಯಿತೆಂಬುದು ಪ್ರಸಿದ್ಧ.

ರಾಯರ ಜೀವನದಲ್ಲಿ ೧೯೪೯ನೆಯ ವರ್ಷವು ಮತ್ತೆರಡು ಕಾರಣಗಳಿಂದ ಮುಖ್ಯವಾದುದು. ಆ ವರ್ಷ ಸ್ವತಂತ್ರ ಭಾರತದ ಸರಕಾರವು ರಾಷ್ಟ್ರವರಮಾನ ಸಮಿತಿಯನ್ನು ನೇಮಿಸಿತು. ಮಹಲನೋಬಿಸರು ಅಧ್ಯಕ್ಷರು, ಧನಂಜಯರಾವ್ ಗಾಡ್ಗೀಳರೂ ರಾಯರೂ ಸದಸ್ಯರು. ಒಬ್ಬ ವಿದ್ಯಾರ್ಥಿಯು ತಾನೊಬ್ಬನೇ ಕೈಯಿಂದ ಮಾಡಿದ್ದ ಗಣನೆಯು ಈಗ ರಾಷ್ಟ್ರದ ನಿತ್ಯಕರ್ಮವಾಯಿತು. ೧೯೫೧ರ ಮೊದಲ ವರದಿಯಲ್ಲಿ ೧೯೪೮–೪೯ನೆಯ ವರ್ಷದ ತಲಾದಾಯವು ೨೫೫ ರೂಪಾಯಿಯೆಂದು ಕಂಡಿತು. ೬೨ರಿಂದ ೨೫೫ಕ್ಕೆ ಏರಿತೆಂದು ಯಾರೂ ಹಿಗ್ಗಬೇಕಾದುದಿಲ್ಲ. ನಡುವೆ ಯುದ್ಧ ಬಂದು ಬೆಲೆಗಳನ್ನು ಹಾರಿಸಿತ್ತು, ಭೂಪಟವೂ ಬೇರೆಯಾಗಿತ್ತು.

ಮತ್ತೊಂದು ಕಾರಣವು ದಿಲ್ಲಿಯ ಅರ್ಥಶಾಸ್ತ್ರ ವಿದ್ಯಾಲಯದ ಸ್ಥಾಪನೆ. ಇಂಗ್ಲೆಂಡಿಗೆ ಹೋಗದೆಯೇ ಭಾರತೀಯ ಬಾಲಕನು ಅರ್ಥಶಾಸ್ತ್ರದ ತುತ್ತತುದಿಯನ್ನು ಮುಟ್ಟುವಂತಾಗಬೇಕೆಂಬುದು ರಾಯರ ಹಂಬಲ. ಜವಾಹರಲಾಲ ನೆಹರೂರವರನ್ನು ಅದರ ಸಂಘದ ಅಧ್ಯಕ್ಷಸ್ಥಾನಕ್ಕೆ ಒಪ್ಪಿಸಿ, ಧನಿಕರ ಬಾಗಿಲು ತಟ್ಟಿ ಹಣ ತಂದು, ಗ್ರಂಥಾಲಯವನ್ನು ಕಟ್ಟಿ, ಪ್ರತಿಭಾವಂತರಾದ ತರುಣರನ್ನು ಹುಡುಕಿ ಹುಡುಕಿ ಕರೆತಂದು ಎಂಟು ವರ್ಷ ಅದನ್ನು ಸಾಕಿದರು. ೧೯೫೭ರಿಂದ ೧೯೬೦ರವರೆಗೆ ದಿಲ್ಲಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ ಅದೇ ವಿದ್ಯಾಲಯದಲ್ಲಿ ಸಮಾಜಶಾಸ್ತ್ರಕ್ಕೂ ಪೀಠವನ್ನು ಏರ್ಪಡಿಸಿ, ೧೯೫೯ರಲ್ಲಿ ಮೈಸೂರಿನವರಾದ ಎಂ. ಎನ್. ಶ್ರೀನಿವಾಸರನ್ನು ಬರಮಾಡಿಕೊಂಡರು. ಅಷ್ಟರಲ್ಲಿಯೇ ಎರಡನೆಯ ಸಂಸ್ಥೆಯಾದ ಆರ್ಥಿಕ ಬೆಳವಣಿಗೆಯ ಸಂಸ್ಥೆಯು ೧೯೫೮ರಲ್ಲಿ ಕಾರ್ಯಾರಂಭ ಮಾಡಿತ್ತು. ೧೯೬೦ರಿಂದ ೧೯೬೩ರವರೆಗೆ ಅವರೇ ಅದರ ನಿರ್ದೇಶಕರು.

ಈ ಸಂಸ್ಥಾನಿರ್ಮಾಣದ ಗದ್ದಲದ ನಡುವೆ ೧೯೫೨ರಲ್ಲಿ ಅವರು ಬರೆದ ಲೇಖನವೊಂದನ್ನು ವಿವರವಾಗಿ ಹೇಳಬೇಕು. ವಿದ್ವಾಂಸರಾಗಿ ರಾಯರ ಸತ್ತ್ವವು ಅಲ್ಲಿ ಕಾಣುವಷ್ಟು ಬೇರೆಲ್ಲಿಯೂ ಕಾಣದು. ಕೇನ್ಸರ ಸಿದ್ಧಾಂತದಲ್ಲಿ ಗುಣಕವೆಂಬುದೊಂದಿದೆ. ಗಿರಣಿಗಳು ಮುಚ್ಚಿ, ಕೆಲಸ ಬಲ್ಲ ಕೂಲಿಗಾರರು ಬೀದಿಯಲ್ಲಿ ನಿಂತಿರುವಾಗ ಸರಕಾರವು ಒಂದು ರೂಪಾಯಿಯನ್ನು ವೆಚ್ಚ ಮಾಡಿತೆನ್ನೋಣ. ಅದು ಒಬ್ಬನ ಕೂಲಿಯಾಗುತ್ತದೆ. ಅವನು ಬಟ್ಟೆ ಕೊಳ್ಳುತ್ತಾನೆ. ಮುಚ್ಚಿದ್ದ ಗಿರಣಿಯು ತೆರೆಯುತ್ತದೆ. ನೇಕಾರನು ರೊಟ್ಟಿ ಕೊಳ್ಳುತ್ತಾನೆ. ಹೀಗೆ ಒಂದು ರೂಪಾಯಿಯು ಕೈಯಿಂದ ಕೈಗೆ ನಡೆದು ಎರಡು ಮೂರು ರೂಪಾಯಿನ ವರಮಾನವನ್ನು ಹುಟ್ಟಿಸುತ್ತದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇದು ಬಡದೇಶಗಳ ಆಡಳಿತಗಾರರಿಗೆ ಅಕ್ಷಯಪಾತ್ರೆಯಂತೆ ಕಂಡುದು ಸಹಜವೇ. ನೋಟನ್ನು ಅಚ್ಚು ಹಾಕಿ ಚೆಲ್ಲಿದರೆ ಸಿರಿಯು ತಾನಾಗಿ ಮೊಳೆಯುವುದಾದರೆ ಯಾರಿಗೆ ಬೇಡ?

ರಾಯರು ಗುರುವಿನ ಮತವನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು ಕೇಳಿದರು: ಇಲ್ಲಿ ಮುಚ್ಚಿದ ಗಿರಣಿಯೆಲ್ಲಿದೆ? ನಮ್ಮ ನಿರುದ್ಯೋಗಿಯು ಬೀದಿಯಲ್ಲಿ ನಿಂತವನಲ್ಲ. ಇಬ್ಬರು ಮಾಡಬಹುದಾದ ಹೊಲದ ಕೆಲಸವನ್ನು ಐವರು ಹಂಚಿಕೊಂಡು ಮಾಡುವ ಕುಟುಂಬದೊಳಗೆ ಅಡಗಿ ಕುಳಿತವನು. ಅವನು ತನ್ನನ್ನು ನಿರುದ್ಯೋಗಿಯೆಂದು ಎಣಿಸಿಕೊಂಡೂ ಇಲ್ಲ. ಸರಕಾರದ ರೂಪಾಯಿಯು ಅವನ ಕೈಗೆ ಬಂದರೆ ಅವನು ಮೊದಲು ಕೇಳುವುದು ಜೋಳವನ್ನು. ಕೇಳಿದೊಡನೆ ಜೋಳವು ಬೆಳೆಯಲಾರದು. ಮುಂದಿನ ಮಳೆ ಬರಬೇಕು. ಬೆಲೆಯು ಮಾತ್ರ ಇಂದೇ ಏರುತ್ತದೆ. ಬೆಲೆಯೇರಿದಾಗ ಬೆಳೆದವನು ಹೆಚ್ಚು ಮಾರುವನೆಂಬ ಭರವಸೆಯೂ ಇಲ್ಲ. ಇಷ್ಟು ದಿನ ಅರೆಹೊಟ್ಟೆ ಉಂಡವನು ತಾನೇ ತುಸು ಹೆಚ್ಚಾಗಿ ಉಣ್ಣುವನು. ಆದ್ದರಿಂದ ಗುಣಕವು ಇಲ್ಲಿ ಹಣವನ್ನು ಗುಣಿಸುವುದೇ ಹೊರತು ಧಾನ್ಯವನ್ನು ಗುಣಿಸದು. ಹೆಚ್ಚು ದುಡಿದು ಹೆಚ್ಚು ಉಳಿಸುವ ಹಳೆಯ ಮದ್ದನ್ನು ಬಿಟ್ಟು ಬೇರೆ ದಾರಿಯಿಲ್ಲವೆಂಬುದು ಅವರ ನಿರ್ಣಯ. ಗುರುವಿನ ಶಾಸ್ತ್ರವನ್ನು ಚೆನ್ನಾಗಿ ಕಲಿತವನಿಗೆ ಮಾತ್ರ ಅದು ಎಲ್ಲಿ ಸಲ್ಲದೆಂಬುದು ತಿಳಿಯುತ್ತದೆ. ಈ ಲೇಖನವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ದೇಶವಿದೇಶಗಳಲ್ಲಿ ಬಹುಕಾಲ ಓದಿದರು. ಇದರಷ್ಟು ಆಳವಾದ ಶಾಸ್ತ್ರಲೇಖನವು ಮುಂದಿನ ಇಪ್ಪತ್ತು ವರ್ಷಗಳಲ್ಲಿ ರಾಯರ ಲೇಖನಿಯಿಂದ ಬರಲಿಲ್ಲವೆಂದರೆ ಅವರಿಗೆ ಅನ್ಯಾಯ ಮಾಡಿದಂತಾಗದು. ಕಟ್ಟುವವನಿಗೆ ಬರೆಯಲು ಬಿಡುವೆಲ್ಲಿ?

೧೯೬೩ರಲ್ಲಿ ಅವರು ಯೋಜನಾ ಆಯೋಗದ ಸದಸ್ಯರಾದರು. ಮೂರು ವರ್ಷಗಳಲ್ಲಿ ನೆಹರೂರವರ ನಿಧನ, ಪಾಕಿಸ್ತಾನದೊಡನೆ ಯುದ್ಧ, ಶಾಸ್ತ್ರಿಗಳ ನಿಧನ, ಎರಡು ವರ್ಷದ ಅನಾವೃಷ್ಟಿ, ರೂಪಾಯಿನ ಮೌಲ್ಯಚ್ಯುತಿ ಒಂದರ ಹಿಂದೊಂದು ಬಂದು, ನಾಲ್ಕನೆಯ ಪಂಚವಾರ್ಷಿಕ ಯೋಜನೆಯು ಹುಟ್ಟುವ ಮೊದಲೇ ಮುಂದೆ ಹೋಯಿತು. ಸಲಹೆಗಾರನ ಸ್ಥಾನದಲ್ಲಿ ಕುಳಿತವನಿಗೆ ಆ ದಿನಗಳಲ್ಲಿ ಮೂಡಬಹುದಾದ ಯೋಚನೆ ಒಂದೇ: ನಿರ್ಣಯ ಮಾಡುವವರು ಬೇರೆ, ಅದಕ್ಕೆ ಕಾರಣಗಳನ್ನು ಬರೆದುಕೊಡುವವರು ಬೇರೆ. ೧೯೬೭ರಲ್ಲಿ ರಾಯರು ಕಾಂಗ್ರೆಸ್ಸಿನ ಉಮೇದುವಾರರಾಗಿ ಬಳ್ಳಾರಿಯಿಂದ ಸ್ಪರ್ಧಿಸಿ ಗೆದ್ದರು. ಆಗ ಅವರಿಗೆ ಐವತ್ತೆಂಟು ವರ್ಷ.

ಆ ಸೀಮೆಯ ಸ್ಥಿತಿಯನ್ನು ಎರಡು ಮಾತುಗಳಲ್ಲಿ ಹೇಳಬಹುದು. ೧೯೫೩ನೆಯ ಅಕ್ಟೋಬರ್ ೧ರಂದು ಆಂಧ್ರರಾಜ್ಯವು ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆಯು ಒಡೆದು, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಮಿಕ್ಕುದು ಮೈಸೂರಿಗೂ ಸೇರಿದ್ದವು. ತುಂಗಭದ್ರೆಯ ಅಣೆಕಟ್ಟಿನ ನೀರು ಕೆಲವು ಹೊಲಗಳಿಗೆ ಬಂದಿತ್ತು. ಮಿಕ್ಕ ಎರೆಭೂಮಿಯು ಮೊದಲಿನಂತೆಯೇ ಮೋಡವನ್ನು ನೋಡುತ್ತಿತ್ತು.

ಇಂದಿರಾ ಗಾಂಧಿಯವರು ರಾಯರನ್ನು ಸಂಪುಟಕ್ಕೆ ತೆಗೆದುಕೊಂಡರು. ಶಿಕ್ಷಣಖಾತೆಯೋ ಅರ್ಥಖಾತೆಯೋ ದೊರೆಯಬಹುದೆಂದು ಎಣಿಸುವವರಿಗೆ ಆಶ್ಚರ್ಯವಾಗುವಂತೆ ಅವರ ಪಾಲಿಗೆ ಬಂದುದು ಸಾರಿಗೆ ಮತ್ತು ಹಡಗು. ಶಿಕ್ಷಣವು ಮತ್ತೊಬ್ಬ ಉಪಕುಲಪತಿಗಳಾಗಿದ್ದ ತ್ರಿಗುಣ ಸೇನರಿಗೆ ಸಂದಿತು. ರಾಯರು ಅಧಿಕಾರ ವಹಿಸಿದ ಮೂರನೆಯ ತಿಂಗಳಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧವಾಗಿ ಸೂಯೆಜ್ ಕಾಲುವೆಯು ಮುಚ್ಚಿತು; ೧೯೭೫ರವರೆಗೆ ಅದು ತೆರೆಯಲಿಲ್ಲ. ಯೂರೋಪಿಗೆ ಹೋಗುವ ಸರಕೆಲ್ಲ ಆಫ್ರಿಕದ ಕೊನೆಯನ್ನು ಬಳಸಿ ಹೋಗಬೇಕಾಯಿತು. ದಿನಗಳೂ ಬಾಡಿಗೆಯೂ ಏರಿದವು. ದೇಶದೊಳಗೆ ಬರಗಾಲ, ಪರದೇಶದ ಗೋಧಿಯು ಹಡಗುಗಳಲ್ಲಿ ಬಂದು ಇಳಿಯಬೇಕು. ಇಪ್ಪತ್ತೆರಡು ವರ್ಷಗಳ ಹಿಂದೆ ವಾಷಿಂಗ್‌ಟನ್ನಿನಲ್ಲಿ ಆಹಾರ ಸಲಹೆಗಾರರಾಗಿದ್ದವರು ಈಗ ಧಾನ್ಯವಿಳಿಯುವ ಬಂದರುಗಳ ಮಂತ್ರಿಗಳು. ಮಂಗಳೂರಿನ ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸವು ನಡೆಯುತ್ತಿದ್ದುದೂ ಇದೇ ಖಾತೆಯ ಅಡಿಯಲ್ಲಿ. ಆದರೂ ಈ ಎರಡು ವರ್ಷಗಳಲ್ಲಿ ರಾಯರದೇ ಎಂದು ಬೊಟ್ಟು ಮಾಡಿ ತೋರಿಸಬಹುದಾದುದು ಹೆಚ್ಚಿಲ್ಲ. ಬಂದರು ಕಟ್ಟುವುದು ಹತ್ತು ಹನ್ನೆರಡು ವರ್ಷದ ಕೆಲಸ. ಮಂತ್ರಿಯ ಆಯುಷ್ಯವು ಎರಡು ವರ್ಷ.

೧೯೬೯ರ ಫೆಬ್ರವರಿಯಲ್ಲಿ ಶಿಕ್ಷಣ ಮತ್ತು ಯುವಜನಸೇವಾ ಖಾತೆಯು ಅವರಿಗೆ ಬಂದಿತು. ಅಧ್ಯಾಪಕನು ತನ್ನ ಮನೆಗೇ ಯಜಮಾನನಾಗಿ ಮರಳಿದಂತಾಯಿತು. ಆದರೆ ಆ ಮನೆಯ ಬೀಗದ ಕೈಗಳು ಅಲ್ಲಿರಲಿಲ್ಲ. ಸಂವಿಧಾನದ ಪ್ರಕಾರ ಆಗ ವಿದ್ಯಾಭ್ಯಾಸವು ರಾಜ್ಯಗಳಿಗೆ ಸೇರಿದ ವಿಷಯ. ಅದು ಕೇಂದ್ರ ರಾಜ್ಯಗಳೆರಡಕ್ಕೂ ಸಮಾನವಾದದ್ದು ೧೯೭೬ರ ನಾಲ್ವತ್ತೆರಡನೆಯ ತಿದ್ದುಪಡಿಯಿಂದ. ಶಾಲೆಗಳು ರಾಜ್ಯದವು, ಉಪಾಧ್ಯಾಯರ ಸಂಬಳ ರಾಜ್ಯದ್ದು, ಪಠ್ಯಕ್ರಮ ರಾಜ್ಯದ್ದು. ಕೇಂದ್ರದ ಶಿಕ್ಷಣಮಂತ್ರಿಯು ಸಮ್ಮೇಳನಗಳನ್ನು ಕರೆಯಬಹುದು, ವಿನಂತಿಸಬಹುದು, ಸ್ವಲ್ಪ ಹಣವನ್ನು ತೋರಿಸಿ ಒಲಿಸಬಹುದು. ಕೊಠಾರಿ ಆಯೋಗದ ವರದಿಯೂ ೧೯೬೮ರ ರಾಷ್ಟ್ರೀಯ ಶಿಕ್ಷಣನೀತಿಯೂ ಮೇಜಿನ ಮೇಲಿದ್ದವು; ಅವುಗಳಲ್ಲಿ ಹೇಳಿದುದನ್ನೆಲ್ಲ ನಡೆಸಲು ಬೇಕಾದ ಹಣವು ಇರಲಿಲ್ಲ.

ಇಂತಹ ಇಕ್ಕಟ್ಟಿನಲ್ಲಿ ಎರಡು ಕೆಲಸಗಳು ನಡೆದವು. ಮೊದಲನೆಯದು ರಾಷ್ಟ್ರೀಯ ಸೇವಾಯೋಜನೆ. ವಿದ್ಯಾರ್ಥಿಗಳು ಓದಿನೊಡನೆ ಸಮಾಜಸೇವೆಯನ್ನೂ ಮಾಡಬೇಕೆಂಬ ಮಾತು ರಾಧಾಕೃಷ್ಣನ್ ಆಯೋಗದ ಕಾಲದಿಂದಲೂ, ಅಂದರೆ ಇಪ್ಪತ್ತು ವರ್ಷಗಳಿಂದಲೂ, ಕಾಗದದ ಮೇಲೆ ತಿರುಗುತ್ತಿತ್ತು. ೧೯೫೯ರಲ್ಲಿ ಚಿಂತಾಮಣರಾವ್ ದೇಶಮುಖರ ಸಮಿತಿಯು ಅದನ್ನು ಕಡ್ಡಾಯವಾಗಿಸಬೇಕೆಂದಿತು. ವೆಚ್ಚವನ್ನು ನೋಡಿ ಸರಕಾರವು ಹಿಂಜರಿಯಿತು. ಪರದೇಶಗಳ ಪದ್ಧತಿಗಳನ್ನು ಅಭ್ಯಸಿಸಿದ ಸೈಯದೈನ್ ಅವರು ಅದು ಸ್ವಯಿಚ್ಛೆಯದಾಗಿರಲೆಂದರು. ಕೊಠಾರಿ ಆಯೋಗವೂ ಸೇವೆಯ ಅಗತ್ಯವನ್ನು ಒತ್ತಿಹೇಳಿತು. ವರದಿಯ ಮೇಲೆ ವರದಿ ಬೆಳೆದು, ೧೯೬೮ರ ವೇಳೆಗೆ ಹೊರಗಿನ ಜಗತ್ತಿನಲ್ಲಿ ವಿದ್ಯಾರ್ಥಿಗಳ ಕ್ರೋಧವು ಬೀದಿಗಿಳಿದಿತ್ತು; ಬಂಗಾಳದ ತರುಣರು ಬೇರೆ ದಾರಿಯನ್ನೇ ಹಿಡಿಯತೊಡಗಿದ್ದರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ೧೯೬೯ನೆಯ ಸೆಪ್ಟೆಂಬರ್ ೨೪ರಂದು, ರಾಯರು ಈ ಯೋಜನೆಯನ್ನು ೩೭ ವಿಶ್ವವಿದ್ಯಾನಿಲಯಗಳಲ್ಲಿ ಪ್ರಾರಂಭಿಸಿದರು. ಮೊದಲ ವರ್ಷ ಸೇರಿದವರು ಸುಮಾರು ೪೦,೦೦೦ ವಿದ್ಯಾರ್ಥಿಗಳು. ಪೂರ್ವಸಿದ್ಧತೆಯ ಬಹುಭಾಗವು ಸೇನರ ಕಾಲದಲ್ಲಿಯೇ ಆಗಿದ್ದಿತೆಂಬುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಹಳ್ಳಿಯಲ್ಲಿ ಕೆಲವು ದಿನ ಬಿಡಾರ ಹೂಡಿ ದಾರಿಯನ್ನು ಸಮ ಮಾಡುವ ಕಾಲೇಜಿನ ಹುಡುಗರನ್ನು ಕಂಡು ನಗುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಹಳ್ಳಿಯ ಮನೆಯೊಳಗೆ ಏನು ಬೇಯುತ್ತಿದೆ, ಏನು ಬೇಯುತ್ತಿಲ್ಲವೆಂಬುದನ್ನು ಪಟ್ಟಣದ ಹುಡುಗನು ಒಮ್ಮೆ ಕಣ್ಣಾರೆ ಕಂಡು ಬರುವುದು ಅಷ್ಟು ಅಲ್ಪವಾದ ಪಾಠವಲ್ಲ.

ಎರಡನೆಯದು ಜನರ ಕಣ್ಣಿಗೆ ಬೀಳದಂತಹುದು. ಆದರೆ ರಾಯರ ಕೈಯ ಗುರುತು ಅದರಲ್ಲಿಯೇ ಹೆಚ್ಚು. ಯೋಜನಾ ಆಯೋಗದಲ್ಲಿದ್ದಾಗ, ೧೯೬೫ರಲ್ಲಿ, ಸಾಮಾಜಿಕ ಶಾಸ್ತ್ರಗಳ ಸಂಶೋಧನೆಯ ಸ್ಥಿತಿಯನ್ನು ಪರಿಶೀಲಿಸುವ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಭೌತಶಾಸ್ತ್ರಕ್ಕೂ ಕೃಷಿಗೂ ವೈದ್ಯಕ್ಕೂ ಪರಿಷತ್ತುಗಳಿವೆ. ಮನುಷ್ಯನು ಹೇಗೆ ಬದುಕುವನೆಂದು ವಿಚಾರಿಸುವ ಶಾಸ್ತ್ರಗಳಿಗೆ ಮಾತ್ರ ಆಶ್ರಯವಿಲ್ಲ. ಅದಕ್ಕೂ ಒಂದು ಸ್ವಾಯತ್ತ ಪರಿಷತ್ತು ಬೇಕೆಂದು ೧೯೬೮ರಲ್ಲಿ ವರದಿಯಾಯಿತು. ಸಮಿತಿಯ ವರದಿಗಳಿಗೆ ಸಾಮಾನ್ಯವಾಗಿ ಸಂಭವಿಸುವ ಗತಿಯು ಎಲ್ಲರಿಗೂ ಗೊತ್ತು. ಇದಕ್ಕೆ ಮಾತ್ರ ಒಂದು ಅಪೂರ್ವಯೋಗವೊದಗಿತು: ವರದಿ ಬರೆದವರೇ ಮರುವರ್ಷ ಅದನ್ನು ಜಾರಿಗೆ ತರಬೇಕಾದ ಖಾತೆಯ ಮಂತ್ರಿಗಳಾಗಿ ಬಂದರು. ೧೯೬೯ರಲ್ಲಿ ಭಾರತೀಯ ಸಾಮಾಜಿಕ ವಿಜ್ಞಾನ ಸಂಶೋಧನಾ ಪರಿಷತ್ತು ಸ್ಥಾಪಿತವಾಯಿತು. ಗಾಡ್ಗೀಳರು ಅದರ ಪ್ರಥಮಾಧ್ಯಕ್ಷರು, ಜೆ. ಪಿ. ನಾಯಕರು ಕಾರ್ಯದರ್ಶಿಗಳು. ಪ್ರಾಂತಗಳಲ್ಲಿ ಮುಂದೆ ಎದ್ದ ಹಲವು ಸಂಶೋಧನಾಲಯಗಳು ಈ ಪರಿಷತ್ತಿನ ನೆರವಿನಿಂದ ಬದುಕಿದವು.

ಅದೇ ವರ್ಷದ ಕೊನೆಯಲ್ಲಿ ಕಾಂಗ್ರೆಸ್ಸು ಒಡೆಯಿತು. ಪಕ್ಷದ ಅಧ್ಯಕ್ಷರಾದ ನಿಜಲಿಂಗಪ್ಪನವರು ಬಳ್ಳಾರಿಗೆ ನೆರೆಯ ಚಿತ್ರದುರ್ಗದವರು. ಮೈಸೂರಿನ ವೀರೇಂದ್ರ ಪಾಟೀಲರ ಸರಕಾರವು ಅವರ ಪಕ್ಷದಲ್ಲಿ ನಿಂತಿತು. ರಾಯರು ಇಂದಿರಾ ಗಾಂಧಿಯವರೊಡನೆ ಉಳಿದರು. ತಮ್ಮನ್ನು ಆರಿಸಿದ ರಾಜ್ಯದ ಕಾಂಗ್ರೆಸ್ಸು ಒಂದು ಕಡೆ, ತಾವು ಕುಳಿತ ಸಂಪುಟವು ಮತ್ತೊಂದು ಕಡೆಯಾದಾಗ, ಸಂಖ್ಯೆಯಲ್ಲಿ ಬಿಡಿಸಲಾಗದ ಲೆಕ್ಕಗಳೂ ಉಂಟೆಂದು ಅರ್ಥಶಾಸ್ತ್ರಜ್ಞರಿಗೆ ತೋರಿರಬೇಕು. ೧೯೭೧ರ ಮಾರ್ಚಿಯಲ್ಲಿ ನಡೆದ ಚುನಾವಣೆಯಲ್ಲಿ ಮೈಸೂರು ರಾಜ್ಯದ ೨೭ ಸ್ಥಾನಗಳೂ ಇಂದಿರಾ ಅವರ ಪಕ್ಷಕ್ಕೆ ಬಂದವು. ಬಳ್ಳಾರಿಯಿಂದ ರಾಯರೇ ಪುನಃ ಆಯ್ಕೆಯಾದರು. ಆದರೆ ಹೊಸ ಸಂಪುಟದಲ್ಲಿ ಅವರ ಹೆಸರಿರಲಿಲ್ಲ.

ಮಂತ್ರಿಪದವಿಯನ್ನು ಕಳೆದುಕೊಂಡವರು ಸಾಮಾನ್ಯವಾಗಿ ಮತ್ತೆ ಅದರ ಬಾಗಿಲಲ್ಲಿಯೇ ಕಾಲ ಕಳೆಯುವುದುಂಟು. ರಾಯರು ಮರುವರ್ಷವೇ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನಸಂಸ್ಥೆಯನ್ನು ಹುಟ್ಟುಹಾಕಿದರು. ಇದು ಅವರ ಮೂರನೆಯ ಸಂಸ್ಥೆ, ವಯಸ್ಸು ಅರವತ್ತುಮೂರು. ಹದಿಮೂರು ವರ್ಷಗಳ ಹಿಂದೆ ದಿಲ್ಲಿಗೆ ಕರೆಸಿಕೊಂಡಿದ್ದ ಶ್ರೀನಿವಾಸರು ಈಗ ಬೆಂಗಳೂರಿಗೂ ಅವರ ಜತೆಗೂಡಿದರು. ಲೋಕಸಭೆಯ ಸದಸ್ಯತ್ವವು ೧೯೭೭ರವರೆಗೆ ಉಳಿದಿತ್ತು. ಅಷ್ಟು ಕಾಲವೂ ನಿರ್ದೇಶಕತ್ವವೂ ಅವರದೇ. ನಾಗರಭಾವಿಯ ಆ ಆವರಣದಲ್ಲಿ ಕರ್ನಾಟಕದ ಭೂಸುಧಾರಣೆ, ನೀರಾವರಿ, ಜನಸಂಖ್ಯೆ, ಪಂಚಾಯತಿಗಳನ್ನು ಕುರಿತು ಮುಂದೆ ನಡೆದ ಅಧ್ಯಯನಗಳನ್ನು ನೋಡಿದರೆ, ನಾಲ್ಕು ವರ್ಷದ ಎರಡು ಖಾತೆಗಳಿಗಿಂತ ಇದೊಂದರಿಂದಲೇ ಈ ನಾಡಿಗೆ ಹೆಚ್ಚಿನ ಉಪಕಾರವಾಯಿತೆಂದು ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಂತ್ರಿಯಾಗಿರದಿದ್ದರೆ ಸಂಶೋಧನಾ ಪರಿಷತ್ತು ಇಷ್ಟು ಬೇಗ ಹುಟ್ಟುತ್ತಿರಲಿಲ್ಲ, ಪರಿಷತ್ತಿಲ್ಲದಿದ್ದರೆ ಇಂತಹ ಸಂಸ್ಥೆಗಳಿಗೆ ಆಧಾರವಿರುತ್ತಿರಲಿಲ್ಲ ಎಂಬ ಪ್ರತಿವಾದವೂ ಬಲವಾದುದೇ. ಆದರೆ ಅದಕ್ಕಾಗಿ ತೆತ್ತ ಬೆಲೆಯನ್ನೂ ಎಣಿಸಬೇಕು: ೧೯೫೨ರ ಲೇಖನವನ್ನು ಬರೆದ ಬುದ್ಧಿಯು, ತನ್ನ ಪ್ರೌಢಿಯ ವರ್ಷಗಳನ್ನು ಸಮಿತಿಗಳಿಗೂ ಸಭೆಗಳಿಗೂ ಸಂಪುಟಕ್ಕೂ ಒಪ್ಪಿಸಿತು.

೧೯೭೪ರಲ್ಲಿ ಪದ್ಮವಿಭೂಷಣವೂ ೧೯೮೫ರಲ್ಲಿ ರಾಷ್ಟ್ರೀಯ ಪ್ರಾಧ್ಯಾಪಕ ಪದವಿಯೂ ಅವರಿಗೆ ಸಂದವು. ೧೯೯೧ನೆಯ ಜುಲೈ ೨೫ರಂದು ಅವರು ದಿವಂಗತರಾದರು. ಅದಕ್ಕೆ ಎಂಟು ವರ್ಷ ಮೊದಲು, ೧೯೮೩ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಅವರು ಪ್ರಕಟಿಸಿದ ಗ್ರಂಥದ ವಿಷಯವು ೧೯೫೦ರಿಂದ ೧೯೮೦ರವರೆಗಿನ ಭಾರತದ ರಾಷ್ಟ್ರವರಮಾನ. ಈ ಸಲದ ಎಣಿಕೆಯೊಳಗೆ ಮೈಸೂರಿನ ರಾಗಿಯೂ ರಾಯಚೂರಿನ ಹತ್ತಿಯೂ ಸೇರಿದ್ದವು.